ಇಟ್ಟಿಗೆ ತರುವ ಮೊದಲು ಪಾತ್ರೆ ಅಳೆಯಿರಿ

ಕಡಿಮೆ ಸೌದೆಯಲ್ಲಿ, ಹೆಚ್ಚು ಹೊಗೆಯಿಲ್ಲದೆ ಉರಿಯುವ ರಾಕೆಟ್ ಒಲೆ ಬೇಕೆಂದು ನಮ್ಮ ವರ್ಕ್‌ಶಾಪಿಗೆ ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸಿ, ‘ಹೀಗೇ ಆಗಬೇಕು, ಎಷ್ಟು ಇಟ್ಟಿಗೆ ತರಲಿ?’ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟೇ: ದಿನವೂ ಒಲೆಯ ಮೇಲೆ ಕೂರುವ ಪಾತ್ರೆ ಯಾವುದು, ಅದರಲ್ಲಿ ಏನು ಬೇಯುತ್ತದೆ? ಸಕಲೇಶಪುರದ ಕಡೆಯವರು ಕಡುಬು ಎನ್ನುತ್ತಾರೆ, ಅರಸೀಕೆರೆಯವರು ಮುದ್ದೆ ಎನ್ನುತ್ತಾರೆ. ಎರಡೂ ಮನೆಗೆ ಒಂದೇ ಅಳತೆಯ ಒಲೆ ಕೊಟ್ಟರೆ ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಅದನ್ನು ಹಿತ್ತಲಿಗೆ ಎಸೆಯುತ್ತಾರೆ.

ಈ ಒಲೆಯ ತತ್ವಗಳನ್ನು 1980ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ಆರೆಗಾನ್ ರಾಜ್ಯದ ಅಪ್ರೊವೆಚೊ ಸಂಶೋಧನಾ ಕೇಂದ್ರದ ಲ್ಯಾರಿ ವಿನಿಯಾರ್ಸ್ಕಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಮ್ಮ ಹಳ್ಳಿಗಳಿಗೆ ಅಸ್ತ್ರ ಒಲೆ ಬಂತು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಅಸ್ತ್ರ ಒಲೆ ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ, ಅಡುಗೆಮನೆಯಲ್ಲಿ ಕಟ್ಟಿದ ಒಲೆ. ರಾಕೆಟ್ ಒಲೆ ಸಾಮಾನ್ಯವಾಗಿ ಒಂದೇ ಪಾತ್ರೆಯದು. ಅದರೊಳಗಿನ ಗೂಡೇ, ಅಂದರೆ ಸೌದೆ ಉರಿಯುವ ಜಾಗವೇ, ಒಂದು ಗಿಡ್ಡ ಚಿಮಣಿ, ಪಾತ್ರೆ ಕೂರುವುದು ಅದರ ಬಾಯಿಯ ಮೇಲೆ.

ಸೌದೆ ಉರಿಯುತ್ತದೆ ಎನ್ನುತ್ತೇವೆ, ಆದರೆ ಬಹುಪಾಲು ಉರಿಯುವುದು ಅದರ ಅನಿಲ. ಒಣ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಬಿಸಿ ತಗುಲಿದೊಡನೆ ಅನಿಲವಾಗಿ ಹೊರಡುತ್ತದೆ. ಅದು ಪೂರ್ತಿ ಉರಿಯಲು ಆರುನೂರು ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿ, ಸಾಕಷ್ಟು ಗಾಳಿ ಮತ್ತು ಸ್ವಲ್ಪ ಸಮಯ ಬೇಕು. ಮೂರು ಕಲ್ಲಿನ ಒಲೆಯಲ್ಲಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಉರಿ ನೇರವಾಗಿ ತಣ್ಣನೆಯ ತಳಕ್ಕೆ ಬಡಿದು ಅರ್ಧದಲ್ಲೇ ಆರುತ್ತದೆ. ಪಾತ್ರೆಗೆ ಹತ್ತುವ ಮಸಿ ಎಂದರೆ ಉರಿಯದೆ ಉಳಿದ ಸೌದೆ. ರಾಕೆಟ್ ಒಲೆಯಲ್ಲಿ ಸೌದೆಯ ತುದಿ ಮಾತ್ರ ಗೂಡಿನೊಳಗೆ ಉರಿಯುತ್ತದೆ, ಎದ್ದ ಅನಿಲ ಮೇಲೇರುತ್ತಾ ಅಲ್ಲೇ ಉರಿದು ಮುಗಿಯುತ್ತದೆ. ಊದುಕೊಳವೆಯ ಕೆಲಸವನ್ನು ಗೂಡಿನ ಎತ್ತರವೇ ಮಾಡುತ್ತದೆ.

ಮನೆಯ ಬಳಕೆಗೆ ಒಳಗಿನ ಗೂಡು ಹತ್ತು ಸೆಂಟಿಮೀಟರ್ ಚೌಕ, ತಳದಿಂದ ಬಾಯಿಗೆ ಮೂವತ್ತು ಸೆಂಟಿಮೀಟರ್ ಇದ್ದರೆ ಸಾಕು. ಸೌದೆ ಇಡುವ ಅಡ್ಡಬಾಯಿಯೂ ಹತ್ತು ಸೆಂಟಿಮೀಟರ್ ಚೌಕವೇ ಇರಲಿ. ಅದರ ಕೆಳಗಿನ ಮೂರನೇ ಒಂದು ಭಾಗ ಖಾಲಿ ಉಳಿಯುವಂತೆ ಒಂದು ಕಬ್ಬಿಣದ ಹಲಗೆ ಕೂರಿಸಿ. ಸೌದೆ ಹಲಗೆಯ ಮೇಲೆ, ಗಾಳಿ ಅದರ ಕೆಳಗೆ. ಈ ಹಲಗೆ ಬಿಟ್ಟು ಬಾಯಿ ತುಂಬ ಸೌದೆ ತುರುಕಿದರೆ ಗಾಳಿಗೆ ದಾರಿಯಿಲ್ಲದೆ ಒಲೆ ಹೊಗೆ ಕಾರುತ್ತದೆ.

ಗೂಡಿನ ಗೋಡೆಯ ವಿಷಯದಲ್ಲಿ ನಮ್ಮ ಗಾರೆಯವರಿಗೂ ನನಗೂ ಸದಾ ಜಗಳ. ದಪ್ಪ ಗೋಡೆ ಕಟ್ಟಿದರೆ ಬಿಸಿ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಉಳಿಯುತ್ತದೆ ನಿಜ, ಗೋಡೆಯಲ್ಲಿ ಉಳಿಯುತ್ತದೆ, ಪಾತ್ರೆಗೆ ಬರುವುದಿಲ್ಲ. ಬೇಕಿರುವುದು ತೂಕದ ಗೋಡೆಯಲ್ಲ, ಹಗುರವಾದ, ಗಾಳಿ ತುಂಬಿದ ವಸ್ತು. ಸೋಸಿದ ಸೌದೆ ಬೂದಿ ಅಥವಾ ಭತ್ತದ ಹೊಟ್ಟಿನ ಬೂದಿ ಇದಕ್ಕೆ ಹೇಳಿಮಾಡಿಸಿದ್ದು, ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದಿರುತ್ತದೆ. ಮಲೆನಾಡಿನಲ್ಲಿ ಒಡೆದ ಮಂಗಳೂರು ಹಂಚಿಗೂ ಬರವಿಲ್ಲ. ಹಂಚನ್ನು ಗ್ರೈಂಡರಿನಲ್ಲಿ ಕೊಯ್ದು ಗೂಡು ಮಾಡಿ, ಹದಿನೈದು ಕಿಲೊ ಎಣ್ಣೆ ಟಿನ್ನಿನೊಳಗೆ ನಿಲ್ಲಿಸಿ, ಸುತ್ತ ಬೂದಿ ತುಂಬಿದರೆ ಸುಮಾರು ಐದು ಸೆಂಟಿಮೀಟರ್ ಬೂದಿಯ ಪದರ ಸಿಗುತ್ತದೆ. ನೀರು ಕಾಯಿಸಲು, ಕಾಫಿಗೆ, ಚಿಕ್ಕ ಪಾತ್ರೆಯ ಅನ್ನಕ್ಕೆ ಇಷ್ಟೇ ಸಾಕು. ಒಳಗೂಡಿಗೆ ಸಿಮೆಂಟ್ ಬೇಡ, ಬಿಸಿಗೆ ಪುಡಿಯಾಗುತ್ತದೆ. ತೆಳು ತಗಡೂ ಬೇಡ, ಬೇಗ ತುಕ್ಕು ಹಿಡಿದು ಉದುರುತ್ತದೆ. ಜಿಐ ತಗಡಂತೂ ಖಂಡಿತ ಬೇಡ, ಅದರ ಸತುವಿನ ಲೇಪ ಬಿಸಿಗೆ ಕರಗಿ ಹೊರಡುವ ಹೊಗೆ ಒಳ್ಳೆಯದಲ್ಲ.

ಇನ್ನು ಪಾತ್ರೆಗೂ ಒಲೆಗೂ ನಡುವಿನ ಸಂದು. ಸೌದೆ ಉಳಿಯುವುದೂ ಹಾಳಾಗುವುದೂ ಇಲ್ಲಿ. ಗೂಡಿನ ಬಾಯಿಯ ವಿಸ್ತೀರ್ಣ ನೂರು ಚದರ ಸೆಂಟಿಮೀಟರ್ ಎಂದಾದರೆ, ಬಿಸಿಗಾಳಿ ಪಾತ್ರೆಯ ತಳದಲ್ಲಿ ಹರಡುವಾಗಲೂ ಅಷ್ಟೇ ಜಾಗ ಸಿಗಬೇಕು. ಬಾಯಿಯ ಅಂಚಿನ ಸುತ್ತಳತೆ ನಲವತ್ತು ಸೆಂಟಿಮೀಟರ್. ನೂರನ್ನು ನಲವತ್ತರಿಂದ ಭಾಗಿಸಿದರೆ ಅಲ್ಲಿ ಸಂದು ಎರಡೂವರೆ. ಇಪ್ಪತ್ತಾರು ಸೆಂಟಿಮೀಟರ್ ಅಗಲದ ಪಾತ್ರೆಯ ಅಂಚಿಗೆ ಬರುವಾಗ ಸುತ್ತಳತೆ ಎಂಬತ್ತೆರಡಾಗುತ್ತದೆ, ಸಂದು ಒಂದೂಕಾಲಕ್ಕೂ ಸ್ವಲ್ಪ ಕಡಿಮೆ. ಅಂದರೆ ಒಲೆಯ ತಲೆ ನಡುವಿನಲ್ಲಿ ತಗ್ಗಾಗಿ, ಅಂಚಿಗೆ ಹೋದಂತೆ ಏರುತ್ತಾ ಹೋಗಬೇಕು. ಸಂದು ಹೆಚ್ಚಾದರೆ ಬಿಸಿಗಾಳಿ ಪಾತ್ರೆಯನ್ನು ಮುಟ್ಟದೆ ಜಾರುತ್ತದೆ, ಕಡಿಮೆಯಾದರೆ ಉಸಿರುಕಟ್ಟಿ ಹೊಗೆ ಸೌದೆಯ ಬಾಯಿಂದ ಹಿಂದಕ್ಕೆ ಬರುತ್ತದೆ. ಪಾತ್ರೆಯ ಸುತ್ತ ಇದೇ ಸಂದು ಬಿಟ್ಟು ಕಬ್ಬಿಣದ ತಗಡಿನ ಒಂದು ಪಟ್ಟಿ ನಿಲ್ಲಿಸಿದರೆ ಪಾತ್ರೆಯ ಮೈಗೂ ಬಿಸಿ ತಗಲುತ್ತದೆ. ವಿಡಿಯೊ ನೋಡಿ ಕಟ್ಟಿದ ಒಲೆಗಳಲ್ಲಿ ಈ ಪಟ್ಟಿ ಕಂಡದ್ದೇ ಅಪರೂಪ. ಪಾತ್ರೆಯನ್ನು ಮೂರು ದಪ್ಪ ಇಟ್ಟಿಗೆ ಚೂರಿನ ಮೇಲೆ ಎತ್ತಿ ಕೂರಿಸಿ, ಸೌದೆ ಉಳಿಯಲಿಲ್ಲ ಎಂದು ಒಲೆಯನ್ನು ದೂರುತ್ತಾರೆ.

ಕಡುಬಿಗೆ ಈ ಒಲೆಯಷ್ಟು ಒಳ್ಳೆಯದಿಲ್ಲ. ನೀರು ಬೇಗ ಕುದಿಯುತ್ತದೆ, ಆಮೇಲೆ ಒಂದೇ ಸೌದೆಯಲ್ಲಿ ಹಬೆ ನಿಲ್ಲುತ್ತದೆ. ಮುದ್ದೆಯ ಕಥೆ ಬೇರೆ. ಒಲೆಯ ಮೇಲೇ ತೊಳಸುವ ಮನೆಗಳಲ್ಲಿ ಕವೆಗೋಲಿನಿಂದ ಪಾತ್ರೆಯನ್ನು ಅದುಮಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ತಿರುವುತ್ತಾರೆ. ಆ ಒತ್ತಡ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಎಳೆಯುತ್ತದೆ. ಎತ್ತರದ, ಹಗುರವಾದ ಟಿನ್ ಒಲೆ ಅಲ್ಲಿ ಮಗುಚದೆ ಇರದು, ಕುದಿಯುವ ಹಿಟ್ಟು ಕಾಲಿನ ಮೇಲೆ. ಮುದ್ದೆಯ ಮನೆಗೆ ನಾನು ಸುತ್ತ ಇಟ್ಟಿಗೆ ಕಟ್ಟೆ ಕಟ್ಟಿಸಿ ಗೂಡನ್ನು ಅದರೊಳಗೆ ಹೂಳುತ್ತೇನೆ. ಪಾತ್ರೆಗೆ ಆಸರೆಯಾಗುವ ಮೂರು ಕಬ್ಬಿಣದ ಕಾಲುಗಳು ಹೊರಗಿನ ಇಟ್ಟಿಗೆಗೆ ಬಿಗಿದಿರಬೇಕು, ಹಂಚಿನ ಗೂಡಿನ ಮೇಲೆ ಒಂದಿಷ್ಟೂ ಭಾರ ಬೀಳಬಾರದು. ಪಾತ್ರೆ ಜಾರದಂತೆ ಆ ಕಾಲುಗಳ ತುದಿಯನ್ನು ಮೇಲಕ್ಕೆ ಬಗ್ಗಿಸಿ. ಹಳೆಯ ಒಲೆಯಲ್ಲಿ ಹಿಟ್ಟು ಬೇಯುವುದು ಕೆಂಡದ ಬಿಸಿಯಲ್ಲಿ. ಇಲ್ಲಿ ಕೆಂಡ ಉಳಿಯುವುದೇ ಕಡಿಮೆ, ಆದ್ದರಿಂದ ಒಂದು ಸೌದೆ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ಎಳೆದು ಸಣ್ಣ ಉರಿ ಇಡಬೇಕು. ಅಕ್ಕಿ ರೊಟ್ಟಿಗೆ ಮಾತ್ರ ನಾನು ಈ ಒಲೆಯನ್ನು ಶಿಫಾರಸು ಮಾಡುವುದಿಲ್ಲ. ಉರಿಯೆಲ್ಲ ನಡುವಿಗೇ ಬಿದ್ದು ರೊಟ್ಟಿಯ ಮಧ್ಯ ಕರಿದಾಗುತ್ತದೆ, ಅಂಚು ಹಸಿಯಾಗಿರುತ್ತದೆ. ದಪ್ಪ ಕಾವಲಿ ಇದ್ದರೆ ಹೇಗೋ ನಿಭಾಯಿಸಬಹುದು.

ಸೌದೆ ಹೆಬ್ಬೆರಳಿನ ದಪ್ಪವಿರಲಿ. ಸವರಿದ ಕಾಫಿ ರೆಂಬೆ ಚೆನ್ನಾಗಿ ಉರಿಯುತ್ತದೆ, ಹಾಲುವಾಣ ಮೆದು ಮರ, ಅಷ್ಟು ಕಾವು ಕೊಡದು. ತೆಂಗಿನ ಮಟ್ಟೆಯನ್ನು ಉದ್ದಕ್ಕೆ ಸೀಳಿ ಇಡಬಹುದು. ಆದರೆ ಜಾತಿಗಿಂತ ಮುಖ್ಯ ಒಣಗು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಅಂಥ ಒಂದು ಕಿಲೊ ಸೌದೆಯ ನೀರನ್ನು ಆವಿ ಮಾಡಲು ತಗಲುವ ಶಾಖದಲ್ಲಿ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಜೂನ್ ತಿಂಗಳಲ್ಲಿ ‘ನಿಮ್ಮ ಒಲೆ ಕೆಟ್ಟಿದೆ’ ಎಂದು ಮೂಡಿಗೆರೆ ಕಡೆಯಿಂದ ಫೋನ್ ಬಂದರೆ ನಾನು ಮೊದಲು ಸೌದೆ ಎಲ್ಲಿಟ್ಟಿದ್ದೀರಿ ಎಂದೇ ವಿಚಾರಿಸುತ್ತೇನೆ. ಮನೆಯ ಹಿರಿಯರು ಇದರಲ್ಲೇ ಒಂದು ತಕರಾರು ತೆಗೆಯುತ್ತಾರೆ: ಹೊಗೆ ಇಲ್ಲದಿದ್ದರೆ ಅಟ್ಟದ ಮೇಲಿನ ಸೌದೆ ಒಣಗುವುದು ಹೇಗೆ, ಜಂತೆಗೆ ಹುಳು ಹಿಡಿಯುವುದಿಲ್ಲವೇ? ಅವರ ಮಾತಿನಲ್ಲಿ ಹುರುಳಿದೆ. ಈ ಒಲೆ ಇಡುವ ಮನೆಯಲ್ಲಿ ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಸೀಳಿ, ಸೂರಿನಡಿ ಒಟ್ಟಿಡಬೇಕು.

ಹೊಗೆ ಕಾಣದು ಎಂದ ಮಾತ್ರಕ್ಕೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜಗಲಿ, ಹಿತ್ತಲ ಚಾವಡಿ ಒಳ್ಳೆಯ ಜಾಗ.

ಕೆಲವು ವಾರ ಉರಿಸಿದ ಮೇಲೆ ಟಿನ್ನಿನ ಮೇಲ್ಮುಚ್ಚಳ ತೆಗೆದು ನೋಡಿ. ಬೂದಿ ಕುಸಿದು, ಗೂಡಿನ ಮೇಲ್ಭಾಗ ಬರಿದಾಗಿರುತ್ತದೆ. ಮೆತ್ತಗೆ ತಟ್ಟಿ ಮತ್ತೆ ತುಂಬಿ, ಗಿಡಿಯಬೇಡಿ. ಮಳೆನೀರು ಬಿದ್ದ ಬೂದಿಯಾದರೆ ಪೂರ್ತಿ ಸುರಿದು ಒಣಬೂದಿ ಹಾಕಿ.