ಗ್ರೇಟ್ ಸ್ಮೋಕಿ ಬೆಟ್ಟಗಳ ಹಳ್ಳಿ ಸ್ಮಶಾನಗಳು: ಅಧ್ಯಯನ ಟಿಪ್ಪಣಿ

ಅಮೆರಿಕದ ಟೆನೆಸ್ಸಿ, ನಾರ್ತ್ ಕ್ಯಾರೊಲಿನಾ ಗಡಿಯಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1934ರಲ್ಲಿ. ಅದಕ್ಕಾಗಿ ಅಲ್ಲಿನ ರೈತ ಕುಟುಂಬಗಳು ಜಮೀನು ಬಿಟ್ಟು ಹೊರಡಬೇಕಾಯಿತು. ಮನೆ, ಕೊಟ್ಟಿಗೆಗಳು ಬಹುಪಾಲು ಅಳಿದವು. 150ಕ್ಕೂ ಹೆಚ್ಚು ಸ್ಮಶಾನಗಳು ಉಳಿದವು. ಆ ಊರುಗಳಲ್ಲಿ ಯಾರು ಬಾಳಿದ್ದರೆಂದು ತಿಳಿಯಬೇಕಾದರೆ ನಾವು ಮೊದಲು ನೋಡಬೇಕಾದದ್ದು ಇವನ್ನೇ.

ಜಾಗದಿಂದ ಶುರು ಮಾಡೋಣ. ಸ್ಮಶಾನ ಸಾಮಾನ್ಯವಾಗಿ ದಿಬ್ಬದ ಮೇಲಿರುತ್ತದೆ. ಕಣಿವೆಯ ಸಮತಟ್ಟು ನೆಲ ಮೆಕ್ಕೆಜೋಳ ಬೆಳೆಯಲು ಬೇಕಿತ್ತು, ದಿಬ್ಬದಲ್ಲಿ ನೀರೂ ನಿಲ್ಲುವುದಿಲ್ಲ. ಶವದ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ: ಪುನರುತ್ಥಾನದ ದಿನ ಎದ್ದವರು ಪೂರ್ವಕ್ಕೆ ಮುಖ ಮಾಡಿರಬೇಕೆಂಬ ನಂಬಿಕೆ.

ಅಕ್ಷರವಿಲ್ಲದ ಕಾಡುಗಲ್ಲುಗಳನ್ನು ದಯವಿಟ್ಟು ದಾಟಿ ಹೋಗಬೇಡಿ. ನನ್ನ ಮಟ್ಟಿಗೆ ಕೆತ್ತನೆಯ ಅಮೃತಶಿಲೆಗಿಂತ ಇವೇ ಹೆಚ್ಚು ಹೇಳುತ್ತವೆ. ತಲೆಯ ಕಡೆ ದೊಡ್ಡ ಕಲ್ಲು, ಕಾಲ ಕಡೆ ಚಿಕ್ಕದು. ಎರಡರ ನಡುವೆ ಒಂದು ಮಾರಿನಷ್ಟು ಅಂತರವಿದ್ದರೆ ದೊಡ್ಡವರ ಗೋರಿ. ಎರಡು ಮೂರು ಗೇಣಷ್ಟೇ ಇದ್ದರೆ ಬಹುಶಃ ಮಗುವಿನದು. ಅಂಥವು ಸಾಲಾಗಿ ಕಂಡಾಗ ಎದೆ ಭಾರವಾಗುತ್ತದೆ.

ಅಕ್ಷರವಿದ್ದರೂ ಎಚ್ಚರ ಬೇಕು. ಉದ್ಯಾನದೊಳಗಿನ ಕೇಡ್ಸ್ ಕೋವ್ ಕಣಿವೆಯ ರಸೆಲ್ ಗ್ರೆಗರಿ 1864ರಲ್ಲಿ, ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ ಸತ್ತವನು. ನಾರ್ತ್ ಕ್ಯಾರೊಲಿನಾದ ಬಂಡುಕೋರರು, ಅಂದರೆ ದಕ್ಷಿಣದ ಪಕ್ಷದವರು, ಅವನನ್ನು ಕೊಂದರೆಂದು ಅವನ ಕಲ್ಲು ಸಾರುತ್ತದೆ. ಅದು ಸಾವಿನ ದಾಖಲೆಯಷ್ಟೇ ಅಲ್ಲ, ಕಲ್ಲು ನಿಲ್ಲಿಸಿದವರು ಯಾರ ಪಕ್ಷದವರು ಎಂಬುದಕ್ಕೂ ಸಾಕ್ಷಿ. ಸವೆದ ಅಕ್ಷರ ಓದಲು ಸೀಮೆಸುಣ್ಣ, ತಂತಿ ಬ್ರಷ್ ಮುಟ್ಟಬೇಡಿ. ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಹಾಯಿಸಿದರೆ ಸಾಕು.

ಊರು ಬಿಟ್ಟವರು ಸಂಬಂಧ ಬಿಡಲಿಲ್ಲ. ವರ್ಷಕ್ಕೊಮ್ಮೆ ಗೋರಿಗಳನ್ನು ಸಿಂಗರಿಸುವ ಡೆಕೊರೇಷನ್ ಡೇ ದಿನ ಬಂಧುಗಳು ಸೇರಿ ಕಳೆ ಕಿತ್ತು, ಗೋರಿಗೆ ಮಣ್ಣು ಏರಿಸಿ, ಹೂವಿಟ್ಟು, ಪ್ರಾರ್ಥಿಸಿ, ಅಲ್ಲೇ ಒಟ್ಟಿಗೆ ಊಟ ಮಾಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಫಾಂಟಾನಾ ಅಣೆಕಟ್ಟಿನ ಹಿನ್ನೀರು ತನ್ನ ಉತ್ತರ ದಡದ ಸ್ಮಶಾನಗಳಿಗೆ ಹೋಗುವ ದಾರಿಯನ್ನು ಮುಳುಗಿಸಿತು. ಬದಲಿ ರಸ್ತೆಯ ಭರವಸೆ 1943ರ ಒಪ್ಪಂದದಲ್ಲಿತ್ತು. ರಸ್ತೆ ಸುರಂಗವೊಂದನ್ನು ದಾಟಿ ಅಲ್ಲೇ ನಿಂತಿತು. 2010ರಲ್ಲಿ ಆ ರಸ್ತೆಯ ಬದಲು ನಾರ್ತ್ ಕ್ಯಾರೊಲಿನಾದ ಸ್ವೇನ್ ಕೌಂಟಿಗೆ (ಜಿಲ್ಲೆಗೆ) 5.2 ಕೋಟಿ ಡಾಲರ್ ಪರಿಹಾರ ಕೊಡಲು ಕೇಂದ್ರ ಸರ್ಕಾರ ಒಪ್ಪಿಕೊಂಡಿತು. ರಸ್ತೆ ಆಗದ ಕಾರಣ ಮುದುಕರು, ಮಕ್ಕಳು ದೋಣಿಯಲ್ಲಿ ಸರೋವರ ದಾಟಿಯೇ ಗೋರಿಗಳಿಗೆ ಹೋಗುವಂತಾಯಿತು.

ಹೀಗಾಗಿ ಕ್ಷೇತ್ರಕಾರ್ಯದಲ್ಲಿ ಒಂದು ನೆನಪಿರಲಿ: ಹಸಿ ಮಣ್ಣಿನ ದಿಬ್ಬ ಕಂಡ ಮಾತ್ರಕ್ಕೆ ಹೊಸ ಗೋರಿ ಎಂದು ಬರೆದುಕೊಳ್ಳಬೇಡಿ. ನೂರು ವರ್ಷದ ಹಿಂದಿನ ಗೋರಿಗೂ ಈ ವರ್ಷವೇ ಮಣ್ಣು ಏರಿಸಿರಬಹುದು.