ಮೈಡಾಸನಿಗೆ ಮಗಳು ಬಂದದ್ದು ಎಲ್ಲಿಂದ?

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿದ ಮೈಡಾಸ ದೊರೆ ಕೊನೆಗೆ ತನ್ನ ಮಗಳನ್ನೇ ಚಿನ್ನದ ಬೊಂಬೆ ಮಾಡಿಕೊಂಡ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ರೋಮನ್ ಕವಿ ಒವಿಡ್ ಸುಮಾರು 2000 ವರ್ಷಗಳ ಹಿಂದೆ ಬರೆದ ‘ಮೆಟಮಾರ್ಫಸಿಸ್’ ಕಾವ್ಯದ 11ನೆಯ ಭಾಗದಲ್ಲಿ ಈ ಮಗಳೇ ಇಲ್ಲ. ಅಲ್ಲಿ ರೊಟ್ಟಿ ಕೈಯಲ್ಲೇ ಗಟ್ಟಿಯಾಗುತ್ತದೆ, ದ್ರಾಕ್ಷಾರಸ ಕರಗಿದ ಚಿನ್ನವಾಗಿ ಬಾಯಿಗಿಳಿಯುತ್ತದೆ. ಹಸಿವು ತಾಳಲಾರದೆ, ವರ ಕೊಟ್ಟ ಬ್ಯಾಕಸ್ ದೇವರಿಗೇ ಮೊರೆಯಿಟ್ಟು, ಪಕ್ಟೋಲಸ್ ನದಿಯ ಮೂಲದಲ್ಲಿ ಮಿಂದು ದೊರೆ ಪಾರಾಗುತ್ತಾನೆ.

ಮಗಳನ್ನು ತಂದವರು ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್, 1851ರಲ್ಲಿ, ಮಕ್ಕಳಿಗಾಗಿ ಬರೆದ ‘ಎ ವಂಡರ್ ಬುಕ್’ನಲ್ಲಿ. ಹೆಸರು ಮೇರಿಗೋಲ್ಡ್. ಇವಳ ಸುದ್ದಿಯನ್ನು ತನ್ನ ಹೊರತು ಯಾರೂ ಕೇಳಿಲ್ಲವೆಂದು ಕಥೆ ಹೇಳುವವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಮುಂದೆ ಆ ಮಾತು ಉದುರಿಹೋಯಿತು, ಮಗಳು ಉಳಿದಳು.

ಸೇರಿಸಿದ್ದು ಜಾಣತನದಿಂದಲೇ. ರಾಜನೊಬ್ಬನ ಹಸಿವಿಗಿಂತ ಕಲ್ಲಿನಂತೆ ನಿಂತ ಮಗು ಓದುವ ಮಗುವಿಗೆ ಬೇಗ ತಟ್ಟುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಒವಿಡ್‌ನ ಮೈಡಾಸನಿಗೆ ಪೂರಾ ಬುದ್ಧಿ ಬರುವುದೇ ಇಲ್ಲ. ಚಿನ್ನ ಬೇಡವೆಂದು ಕಾಡು ಸೇರಿ, ಅಲ್ಲಿ ಸಂಗೀತದ ದೇವರು ಅಪೊಲೊನ ವಾದನಕ್ಕಿಂತ ಕಾಡುದೇವರು ಪ್ಯಾನ್‌ನ ಕೊಳಲೇ ಮೇಲೆಂದು ವಾದಿಸಿ ಕತ್ತೆಕಿವಿ ಪಡೆಯುತ್ತಾನೆ. ಗುಟ್ಟು ತಡೆಯಲಾರದ ಕ್ಷೌರಿಕ ನೆಲ ತೋಡಿ ಅದನ್ನು ಪಿಸುಗುಟ್ಟುತ್ತಾನೆ. ಅಲ್ಲಿ ಬೆಳೆದ ಜೊಂಡು ಊರಿಗೆಲ್ಲ ಸಾರುತ್ತದೆ. ಮಕ್ಕಳಿಗೆ ಇದಕ್ಕಿಂತ ಸೊಗಸಾದ ಭಾಗ ಬೇಕೆ? ಮಗಳು ಜೀವತಳೆದು, ತಂದೆ ಪಶ್ಚಾತ್ತಾಪಪಟ್ಟ ಮೇಲೆ ಇದಕ್ಕೆ ಜಾಗವೇ ಉಳಿಯಲಿಲ್ಲ.

1853ರ ‘ಟ್ಯಾಂಗಲ್‌ವುಡ್ ಟೇಲ್ಸ್’ನಲ್ಲೂ ಹಾಥಾರ್ನ್ ಇಂಥದೇ ಕೆಲಸ ಮಾಡಿದರು. ಗ್ರೀಕ್ ವೀರ ಥೀಸಿಯಸ್ ತನಗೆ ನೆರವಾದ ರಾಜಕುಮಾರಿ ಅರಿಯಾಡ್ನೆಯನ್ನು ದ್ವೀಪದಲ್ಲಿ ಬಿಟ್ಟುಹೋಗುವುದನ್ನು ತೆಗೆದು, ಮುದಿ ತಂದೆಗಾಗಿ ಅವಳೇ ಊರಲ್ಲಿ ಉಳಿದಳೆಂದರು. ರೋಮನ್ ಕವಿ ಕಟುಲ್ಲಸ್‌ನಲ್ಲಿ ಥೀಸಿಯಸ್, ತಾನು ಬದುಕಿ ಬಂದೆನೆಂದು ತಂದೆಗೆ ತೋರಿಸಲು ಹಡಗಿನ ಕಪ್ಪು ಹಾಯಿ ಬದಲಿಸಬೇಕಿದ್ದುದನ್ನು ಮರೆತು, ತಂದೆಯ ಸಾವಿಗೆ ಕಾರಣನಾಗುವುದು ಅರಿಯಾಡ್ನೆಯ ಶಾಪದಿಂದ. ಶಾಪ ಹೋದರೆ ಅದು ಬರೀ ಮರೆವು.

ಬೆಳೆಯ ದೇವತೆ ಡಿಮೀಟರ್‌ಳ ಮಗಳು, ಪಾತಾಳದ ದೊರೆ ಅಪಹರಿಸಿದ ಪರ್ಸೆಫೊನಿಯ ಕಥೆಯಲ್ಲಿ ಲೆಕ್ಕವೇ ಬದಲಾಗಿದೆ. ಹೋಮರನ ಹೆಸರಿನಲ್ಲಿ ಉಳಿದಿರುವ ಗ್ರೀಕ್ ಸ್ತೋತ್ರದಲ್ಲಿ ಅವಳು ತಿನ್ನುವುದು ದಾಳಿಂಬೆಯ ಒಂದು ಕಾಳು, ತಿಂದದ್ದಕ್ಕಾಗಿ ಪಾತಾಳವಾಸ ವರ್ಷದ ಮೂರನೇ ಒಂದು ಭಾಗ. ಒವಿಡ್‌ನಲ್ಲಿ ಏಳು ಕಾಳು, ಅರ್ಧ ವರ್ಷ. ಹಾಥಾರ್ನ್ ಅದನ್ನು ಆರು ಕಾಳು, ಆರು ತಿಂಗಳು ಎಂದು ಹೊಂದಿಸಿದರು. ಮೂರನ್ನೂ ಬೆರೆಸಿ ಬರೆದರೆ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಕಥೆ ಮರುಹೇಳುವವರು ಒಂದು ಮೂಲ ಹಿಡಿದು ಕೊನೆತನಕ ಹೋಗಬೇಕು, ಹೆಸರುಗಳಲ್ಲೂ ಅಷ್ಟೆ. ಡಿಮೀಟರ್ ಎಂದು ಶುರುಮಾಡಿದವರು ನಡುವೆ ಅವಳ ರೋಮನ್ ಹೆಸರು ಹಿಡಿದು ಸಿರೀಸ್ ಎನ್ನಬಾರದು.

ಇದಕ್ಕಿಂತ ಕೆಟ್ಟದ್ದು, ಅಪಹರಣಕ್ಕೆ ಪರ್ಸೆಫೊನಿಯ ತಂದೆ, ದೇವತೆಗಳ ದೊರೆ ಜ್ಯೂಸ್ ಕೊಟ್ಟ ಒಪ್ಪಿಗೆಯನ್ನು ಅಳಿಸುವುದು. ಗ್ರೀಕ್ ಸ್ತೋತ್ರದ ಕೀಲು ಅಲ್ಲೇ ಇದೆ. ತಂದೆಯೇ ಮಗಳನ್ನು ಕೊಟ್ಟನೆಂದು ತಿಳಿದೇ ಡಿಮೀಟರ್ ದೇವತೆಗಳ ಸಭೆ ತೊರೆಯುತ್ತಾಳೆ. ಆಮೇಲೆ ಬೆಳೆ ನಿಲ್ಲಿಸುತ್ತಾಳೆ. ಮನುಷ್ಯರು ಅಳಿದರೆ ದೇವತೆಗಳಿಗೆ ಬಲಿಯೂ ಇಲ್ಲವಾಗುತ್ತದೆ. ಜ್ಯೂಸ್ ಮಣಿಯುವುದು ಅದಕ್ಕೆ. ಒಪ್ಪಿಗೆ ತೆಗೆದರೆ ತಾಯಿಯ ಸಿಟ್ಟು ಬರೀ ಅಳುವಾಗುತ್ತದೆ. ಒಂಬತ್ತರ ಮಗುವಿಗೂ ಇದನ್ನು ಹೆದರಿಸದೆ ಹೇಳಬಹುದು: ‘ತಾಯಿಯನ್ನೂ ಕೇಳದೆ, ಮಗಳನ್ನೂ ಕೇಳದೆ ತಂದೆ ಮದುವೆಗೆ ಒಪ್ಪಿಬಿಟ್ಟ.’