ಬೆಂಗೇರಿಯ ಬಾವುಟ: ಆಕಾರ ಅದೇ, ಬಟ್ಟೆ ಬೇರೆ

ಆಗಸ್ಟ್ ಬಂತೆಂದರೆ ಹುಬ್ಬಳ್ಳಿಯಲ್ಲಿ ಒಂದು ವಾದ ತಪ್ಪದೆ ಮೇಲೇಳುತ್ತದೆ. ಬಾವುಟ ಖಾದಿಯದೇ ಆಗಬೇಕೇ, ಪಾಲಿಸ್ಟರ್ ಆದರೆ ಏನಾಯಿತು? ಒಬ್ಬರು ದೇಶಭಕ್ತಿಯ ಮಾತೆತ್ತುತ್ತಾರೆ, ಇನ್ನೊಬ್ಬರು ದರ ತೋರಿಸುತ್ತಾರೆ. ಊರಿನದೇ ಬಡಾವಣೆಯಾದ ಬೆಂಗೇರಿಯ ಖಾದಿ ಸಂಘದಲ್ಲಿ ಬಾವುಟದ ಹೊಲಿಗೆಗೆ ಕೂತವರ ಕೂಲಿಯ ಲೆಕ್ಕ ಈ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಇಷ್ಟು ಗೋಜಲಾದ ವಿಷಯವನ್ನು ಬಿಡಿಸಬೇಕಾದರೆ ವಿನ್ಯಾಸದ ಕಡೆಯಿಂದ ಹಿಡಿಯುವುದು ಲೇಸು.

ಧ್ವಜದ ವಿನ್ಯಾಸ ಎಂದೊಡನೆ ಕಣ್ಣಿಗೆ ಬರುವುದು ಮೂರು ಬಣ್ಣ, ನಡುವೆ 24 ಅರೆಗಳ ಚಕ್ರ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ರೂಪ ಅದು. ಅದನ್ನು ಯಾವ ಬಟ್ಟೆಯಲ್ಲಿ, ಯಾರ ಕೈಯಿಂದ ಮಾಡಿಸಬೇಕು ಎಂಬುದೂ ವಿನ್ಯಾಸದೊಳಗಿನ ತೀರ್ಮಾನವೇ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಒಲೆ ಹೊತ್ತಿಸಿದ್ದು ಆ ತೀರ್ಮಾನ.

ಇದರ ಬೇರು ರಾಟಿಯಲ್ಲಿದೆ. 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕಾ ಸಂಘ ಸುಧಾರಿತ ರಾಟಿ ಮಾಡಿಕೊಟ್ಟವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಷರತ್ತುಗಳನ್ನು ಇಂದು ಓದಿದರೂ ಸೋಜಿಗವಾಗುತ್ತದೆ: ಹಳ್ಳಿಯ ಹೆಣ್ಣುಮಗಳು ತನ್ನ ಗುಡಿಸಲಲ್ಲೇ ಕೂತು ಎಂಟು ತಾಸು ಹೆಚ್ಚು ದಣಿಯದೆ ತಿರುಗಿಸುವಂತಿರಬೇಕು, ಬೆಲೆ 150 ರೂಪಾಯಿ ದಾಟಬಾರದು, 20 ವರ್ಷ ಬಾಳಬೇಕು. ಬಳಸುವವಳ ತೋಳು, ಮನೆ, ಗಂಟು ಮೂರನ್ನೂ ಹೀಗೆ ಮೊದಲೇ ಲೆಕ್ಕ ಹಿಡಿದ ಯಂತ್ರದ ಟೆಂಡರನ್ನು ಈಗಲೂ ಹುಡುಕಿದರೆ ಸಿಗುವುದು ಕಷ್ಟ. ಬಹುಮಾನ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಮುಂದೆ ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ ಅಂಬರ ಚರಕ ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಊರೂರಿಗೆ ಬಂತು. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿ ವಿನ್ಯಾಸ ಶಿಕ್ಷಣದ ಬಗ್ಗೆ ಭಾರತ ಸರಕಾರಕ್ಕೆ ವರದಿ ಕೊಟ್ಟರು, 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಲ್ಲಿಂದಾಚೆ ವಿನ್ಯಾಸ ಓದಿದವರದೊಂದು ದಾರಿ, ರಾಟಿಯದೊಂದು ದಾರಿ ಆಯಿತೇನೋ ಅನ್ನಿಸುತ್ತದೆ.

ನಮ್ಮ ಕಡೆ ನೆಲ ಮೊದಲೇ ಹದವಾಗಿತ್ತು. ಎರೆ ಹೊಲದ ಹತ್ತಿ ಇತ್ತು. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಅನುಭವವಿತ್ತು. ದಂಡಿಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವಪ್ಪ ಹಾವೇರಿ ಸೀಮೆಯ ಮೋಟೆಬೆನ್ನೂರಿನವರು. 1954ರಲ್ಲಿ ಧಾರವಾಡ ತಾಲೂಕಿನ ಗರಗದಲ್ಲಿ ಕ್ಷೇತ್ರೀಯ ಸೇವಾ ಸಂಘ ಶುರುವಾಯಿತು. 1957ರ ನವೆಂಬರ್ 1ರಂದು, ಏಕೀಕರಣವಾಗಿ ಸರಿಯಾಗಿ ವರ್ಷ ತುಂಬಿದ ದಿನ, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ತಲೆಯೆತ್ತಿತು.

ಆಮೇಲಿನ ನಾಲ್ಕು ದಶಕ ನಿಧಾನದ ಕಾಲ. ಬಾವುಟ ಸರಕಾರಿ ಕಟ್ಟಡಗಳ ಸೊತ್ತಾಗಿತ್ತು. ಜನಸಾಮಾನ್ಯರಿಗೆ ವರ್ಷದ ಕೆಲವೇ ದಿನ ಹಾರಿಸಲು ಅವಕಾಶ. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಆ ಬೇಲಿ ತೆಗೆಯಿತು. ಯಾರು ಬೇಕಾದರೂ ಯಾವ ದಿನವಾದರೂ ಗೌರವದಿಂದ ಹಾರಿಸಬಹುದು, ಬಟ್ಟೆ ಮಾತ್ರ ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯೇ ಆಗಿರಬೇಕು ಎಂದಿತು. ಗಿರಾಕಿ ಹೆಚ್ಚಿದರು, ಕೆಲಸ ಹಳ್ಳಿಯಲ್ಲೇ ಉಳಿಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಕೈಗಳಿಗೆ ಕೆಲಸ ಕೊಟ್ಟ ಸಾಲು ನಮ್ಮ ಸರಕಾರಿ ಕಡತಗಳಲ್ಲಿ ಬಹಳ ಇರಲಾರದು. 2006ರಲ್ಲಿ ಸಂಯುಕ್ತ ಸಂಘದ ಬೆಂಗೇರಿಯ ಘಟಕಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನ್ಯತೆ ಸಿಕ್ಕಿತು. ದೇಶಕ್ಕೆಲ್ಲ ಅಂಥ ಘಟಕ ಅದೊಂದೇ ಎಂಬ ಹೆಸರೂ ಬಂತು.

ಆ ಮಾನ್ಯತೆ ಪುಕ್ಕಟೆ ಬರುವಂಥದ್ದಲ್ಲ. 1968ರಲ್ಲಿ ಪರಿಷ್ಕೃತವಾದ ಮಾನದಂಡದಲ್ಲಿ ಎಳೆಗಳ ಎಣಿಕೆ, ಬಣ್ಣದ ಛಾಯೆ, ಹೊಲಿಗೆಯ ದಾರ ಎಲ್ಲಕ್ಕೂ ಕಟ್ಟಳೆ ಇದೆ. ಒಂಬತ್ತು ಅಳತೆಗಳು: ಅತಿ ದೊಡ್ಡದು 6300×4200 ಮಿಲಿಮೀಟರ್, ಅತಿ ಸಣ್ಣದು 150×100. ನೂಲುವುದು, ನೇಯುವುದು, ಬಿಳುಪಿಸಿ ಬಣ್ಣ ಹಾಕುವುದು, ಚಕ್ರ ಒತ್ತುವುದು, ಹೊಲಿಯುವುದು, ಕೊನೆಗೆ ಹಗ್ಗ ಸೇರಿಸಿ ಮರದ ತುಂಡು ಕಟ್ಟುವುದು. ಇವುಗಳಲ್ಲಿ ಎದೆ ಡವಡವ ಅನ್ನಿಸುವುದು ಚಕ್ರದ ಕೆಲಸ. ಬಿಳಿ ಪಟ್ಟಿಯ ಒಂದು ಮೈಗೆ ಅಚ್ಚು ಒತ್ತಿ, ಒಣಗಿದ ಮೇಲೆ ಹೊರಳಿಸಿ ಇನ್ನೊಂದು ಮೈಗೆ ಒತ್ತಬೇಕು. ಬೆಳಕಿಗೆ ಹಿಡಿದರೆ ಎರಡೂ ಕಡೆಯ ಅರೆಗಳು ಒಂದರ ಮೇಲೊಂದು ಕೂತಿರಬೇಕು. ಸರಿದರೆ ಅಷ್ಟು ದಿನದ ನೂಲು, ನೇಯ್ಗೆ ಎಲ್ಲ ವ್ಯರ್ಥ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಳೆ ಎಣಿಸಿ ಕಸೂತಿ ಹಾಕುವ ಸೀಮೆಯವರಿಗೆ ಈ ಕಟ್ಟುನಿಟ್ಟು ಹೊಸದೂ ಅಲ್ಲ.

ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಬಂದ ತಿದ್ದುಪಡಿ ಯಂತ್ರದಿಂದ ಮಾಡಿದ ಬಾವುಟಕ್ಕೂ ಪಾಲಿಸ್ಟರ್ ಬಟ್ಟೆಗೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಅಂಥ ಬಾವುಟಗಳಿಗೂ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟವಾಯಿತು. 2022ರ ಆಗಸ್ಟಿನಲ್ಲಿ, ಮನೆಮನೆಯ ಮೇಲೂ ಬಾವುಟ ಹಾರಿಸಿ ಎಂಬ ಸರಕಾರದ ಅಭಿಯಾನದ ಹೊತ್ತಿಗೆ, ಅಂಚೆ ಕಚೇರಿಯಲ್ಲೇ 25 ರೂಪಾಯಿಗೆ ಬಾವುಟ ಸಿಕ್ಕಿತು. ಬೆಂಗೇರಿಯವರು ಧರಣಿ ಕೂತರು. ಕೆಲವೇ ವಾರಗಳಲ್ಲಿ ಕೋಟಿಗಟ್ಟಲೆ ಮನೆಗೆ ಬಾವುಟ ಮುಟ್ಟಿಸುವುದು ರಾಟಿಯ ಕೈಲಿ ಆಗುವ ಮಾತಾಗಿರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಮನೆಯ ಮೇಲಿನ ಬಾವುಟಕ್ಕೊಂದು, ಸರಕಾರಿ ಕಚೇರಿ, ಶಾಲೆ, ಪಂಚಾಯಿತಿಯ ಬಾವುಟಕ್ಕೊಂದು ಎಂದು ಎರಡು ನಿಯಮ ಮಾಡಬಹುದಿತ್ತು. ಬಣ್ಣ, ಅಳತೆ ಕದಲಲಿಲ್ಲವಾದ್ದರಿಂದ ಬದಲಾವಣೆ ದೊಡ್ಡದೆಂದು ಹೆಚ್ಚಿನವರಿಗೆ ಅನ್ನಿಸಲೂ ಇಲ್ಲ.

ಖಾದಿಯ ಒಳಗಿನ ಕೊರತೆಗಳನ್ನೂ ಇಲ್ಲೇ ಹೇಳಬೇಕು. ನೂಲುವವರಿಗೆ ಕೂಲಿ ಲಡಿಯ, ಅಂದರೆ ಸುತ್ತಿದ ನೂಲಿನ ಕಟ್ಟಿನ, ಲೆಕ್ಕದಲ್ಲಿ. ದಿನವಿಡೀ ಕೂತು ತಿರುಗಿಸಿದರೂ ಹೊಲದ ಕೂಲಿಗೆ ಸಮನಾಗದಿದ್ದರೆ ಮನೆಯ ಹುಡುಗಿ ರಾಟಿಯ ಕಡೆ ಯಾಕೆ ಬಂದಾಳು? ಬೆನ್ನು ನೋಯದಂತೆ ಕೂರುವ ಆಸನ, ಎಳೆ ಹರಿದರೆ ಥಟ್ಟನೆ ಕೂಡಿಸುವ ಉಪಾಯ, ಕದಿರು ಹಗುರಾಗಿ ತಿರುಗುವ ಬಗೆ, ಇವು ಯಾರೋ ಕೂತು ಯೋಚಿಸಿದರೆ ಬಗೆಹರಿಯುವ ಸಂಗತಿಗಳು. ಖಾದಿಗೆ ಈಚೆಗೆ ಬಂದ ವಿನ್ಯಾಸಕಾರರ ಗಮನ ಹೆಚ್ಚಾಗಿ ಕುರ್ತಾದ ಅಂಚಿನ ಮೇಲೆ, ಅಂಗಡಿಯ ಫಲಕದ ಮೇಲೆ.

ಬಾವುಟದ ಬೇಡಿಕೆ ಏರುವುದು ಜನವರಿಗೊಮ್ಮೆ, ಆಗಸ್ಟಿಗೊಮ್ಮೆ. ನಡುವಿನ ತಿಂಗಳುಗಳಲ್ಲಿ ಅದೇ ಮಗ್ಗದ ಮೇಲೆ ಏನು ಹಾಸಬೇಕು ಎಂಬುದು ಸಂಘಗಳ ಮುಂದಿರುವ ಪ್ರಶ್ನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಕಂದು ಬಣ್ಣದ ಹತ್ತಿ ಇದೆ, ಅದಕ್ಕೆ ಬಣ್ಣ ಹಾಕುವ ಖರ್ಚೇ ಇಲ್ಲ. ಆಸ್ಪತ್ರೆಗಳಿಗೆ ಹಾಸುವ ಬಟ್ಟೆ, ಶಾಲೆಗಳಿಗೆ ಸಮವಸ್ತ್ರ ವರ್ಷವಿಡೀ ಬೇಕು. ಕೊಳ್ಳುವ ಇಲಾಖೆಗಳು ಟೆಂಡರಿನಲ್ಲಿ ಕೇಳುವುದು ಮೀಟರಿನ ದರವನ್ನು.